ಬಿಳಿ ಹಲ್ಲು, ಕರಿ ಹಲ್ಲು ಮತ್ತು ಬೋನಸ್ಸು

ದುಡಿಯುವ ಕೈಗೆ ದುಡಿಮೆಯ ಪ್ರಮಾಣಕ್ಕೆ ತಕ್ಕ ಪ್ರತಿಫಲ ದೊರೆಯಬೇಕು. ಇದು ನ್ಯಾಯದ ಅಡಿಗಲ್ಲು, ಸಮಾಜದ ಆಧಾರಸ್ತಂಭ, ಮನುಷ್ಯಕುಲದ ಮುನ್ನಡೆಯ ಮೂಲಮಂತ್ರ. ಈ ಗಂಭೀರವಾದ ಮಾತು ನನ್ನದೇ. ಬಹಳ ಯೋಚಿಸಿ, ತಿದ್ದಿ ತೀಡಿ, ದಪ್ಪ ಅಕ್ಷರದಲ್ಲಿ ಪ್ರಿಂಟು ಹಾಕಿಸಿ ನಮ್ಮ ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದ್ದೆ. ಈಗ ಕಿತ್ತಿದ್ದೇನೆ. ಕೀಳುವಾಗ ಅದರ ಜೊತೆಗೆ ಅಂಗೈಯಗಲ ಬಣ್ಣವೂ ಕಿತ್ತು ಬಂತು. ಇಷ್ಟು ವರ್ಷ ಹಲ್ಲು ಕಿತ್ತವನಿಗೆ ಒಂದು ಕಾಗದವನ್ನು ನೆಟ್ಟಗೆ ಕೀಳಲು ಬರುವುದಿಲ್ಲ ಎಂಬುದು ಆವತ್ತು ಬೆಳಕಿಗೆ ಬಂತು. ಬರುವ ರೋಗಿಗಳು ಆ ಜಾಗ ನೋಡಿ, "ಗೋಡೆ ಸೋರ್ತಾ ಇದೆಯಾ ಡಾಕ್ಟ್ರೇ?" ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ಸುಳ್ಳಿಗೆ ಒಂದು ಪದ ಸಾಕು; ನಿಜ ಹೇಳಲು ಈ ಪ್ರಬಂಧದಷ್ಟು ಜಾಗ ಬೇಕು.

ನಾನು ಕುವೆಂಪುನಗರದಲ್ಲಿ ಹಲ್ಲಿನ ಡಾಕ್ಟರು. ನನ್ನದು ಹಳೆಯ ಕಾಲದ ಕ್ಲಿನಿಕ್ಕು. ಮುಂದೆ ಕಾಯುವವರಿಗೆ ಎರಡು ಬೆಂಚು, ಒಳಗೆ ಒಂದು ದೊಡ್ಡ ಕುರ್ಚಿ, ಹಿಂದೆ ಊಟಕ್ಕೂ ಸಾಮಾನಿಗೂ ಸೇರಿ ಒಂದು ಸಣ್ಣ ಕೋಣೆ. ಬೆಂಚಿನ ಮೇಲಿರುವ ವಾರಪತ್ರಿಕೆಗಳು ಎಷ್ಟು ಹಳೆಯವೆಂದರೆ ಅವುಗಳ ವಾರಭವಿಷ್ಯವನ್ನು ಓದಿ ನಿಜವಾಯಿತೋ ಇಲ್ಲವೋ ಎಂದು ತಾಳೆ ನೋಡಬಹುದು. ಸಿಬ್ಬಂದಿ ಇಬ್ಬರೇ. ಒಬ್ಬರು ಪದ್ಮಮ್ಮ, ಅಶೋಕಪುರಂನವರು, ಮುಂದಿನ ಮೇಜಿನಲ್ಲಿ ಕೂತು ಚೀಟಿ ಕೊಡುವುದು, ಫೋನು ತೆಗೆಯುವುದು ಅವರ ಕೆಲಸ. ನನ್ನ ತಲೆಯಲ್ಲಿ ಕೂದಲಿದ್ದ ಕಾಲದಿಂದ ಇದ್ದವರು. ಇನ್ನೊಬ್ಬಳು ಮಂಜುಳಾ, ವಯಸ್ಸಿನಲ್ಲಿ ಪದ್ಮಮ್ಮನ ಮಗಳಂತಿರುವವಳು, ಮದುವೆಯಾಗಿ ಹಳ್ಳಿಯಿಂದ ಮೈಸೂರಿಗೆ ಬಂದವಳು. ಕುರ್ಚಿಯ ಪಕ್ಕ ನಿಂತು ನಾನು ಕೈ ಚಾಚುವ ಮೊದಲೇ ಇಕ್ಕಳವನ್ನು ಕೈಗಿಡುವುದು ಅವಳ ಕೆಲಸ. ಹಾಗೆಂದು ಇವೆಲ್ಲ ಗೆರೆ ಕೊರೆದ ಕೆಲಸಗಳೇನೂ ಆಗಿರಲಿಲ್ಲ. ಫೋನು ಯಾರ ಹತ್ತಿರ ಹೊಡೆದುಕೊಂಡರೆ ಅವರು ತೆಗೆಯುತ್ತಿದ್ದರು. ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಒಂದೇ ಪೇಪರು ಹಾಸಿ, ಎರಡು ಡಬ್ಬಿಯನ್ನೂ ನಡುವೆ ಇಟ್ಟು ಊಟ ಮಾಡುತ್ತಿದ್ದರು. ಒಬ್ಬರು ತಂದ ಸಾರು ಇನ್ನೊಬ್ಬರ ಅನ್ನದ ಮೇಲೆ ಬೀಳುತ್ತಿತ್ತು. ಯಾರ ಮನೆಯ ಡಬ್ಬಿ ಯಾರ ಮನೆಗೆ ಹೋಗುತ್ತಿತ್ತೋ ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಪದ್ಮಮ್ಮನ ಅಸಲಿ ಕೆಲಸ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಬರುವವರೆಲ್ಲ ಹೆದರಿಕೊಂಡೇ ಬರುತ್ತಾರೆ. ಕೆಲವರು ಬಾಗಿಲವರೆಗೆ ಬಂದು, ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳಿ, ಮೊಬೈಲು ಕಿವಿಗಿಟ್ಟುಕೊಂಡು ಯಾರೋ ಕರೆದರೆಂಬಂತೆ ವಾಪಸು ಹೋಗುತ್ತಾರೆ. ಅಂಥವರನ್ನು ಪದ್ಮಮ್ಮ ನೋಡಿದೊಡನೆ ಗುರುತಿಸಿ ಪಕ್ಕದಲ್ಲಿ ಹೋಗಿ ಕೂರುತ್ತಿದ್ದರು. "ಯಾವೂರಾಯ್ತಣ್ಣ ನಿಮ್ದು?" ಎಂದು ಶುರು. ಊರು, ಆ ಊರಿನ ಪಕ್ಕದ ಊರು, ಅಲ್ಲಿಗೆ ಕೊಟ್ಟ ಹೆಣ್ಣು, ಅವಳ ಓರಗಿತ್ತಿ, ಹೀಗೆ ಹುಡುಕುತ್ತ ಹೋಗಿ ಎಲ್ಲೋ ಒಂದು ಕಡೆ ನಂಟು ಸಿಕ್ಕಿಯೇ ಸಿಗುತ್ತಿತ್ತು. ನಂಟು ಸಿಕ್ಕಿದ ಮೇಲೆ ಓಡಿಹೋಗುವುದು ಮರ್ಯಾದೆಯಲ್ಲ. ನಮ್ಮಲ್ಲಿಗೆ ಒಬ್ಬ ಪೈಲ್ವಾನರು ಬರುತ್ತಿದ್ದರು. ಎದೆ ಅಂದರೆ ಬಾಗಿಲಿನಷ್ಟು ಅಗಲ. ಸೂಜಿ ಕಂಡರೆ ಮಾತ್ರ ಕಣ್ಣು ತುಂಬಿಕೊಳ್ಳುತ್ತಿದ್ದರು. ಪದ್ಮಮ್ಮ ಅವರ ಕಿರುಬೆರಳು ಹಿಡಿದುಕೊಂಡು, "ಅಯ್ಯೋ ಬುಡಿ ಪೈಲ್ವಾನ್ರೇ, ಇರುವೆ ಕಚ್ಚಿದಂಗಿರ್ತದೆ" ಎಂದು ಕುರ್ಚಿಯವರೆಗೆ ಕರೆತರುತ್ತಿದ್ದರು.

ಬೋನಸ್ಸು ಎಂಬುದು ನಮ್ಮಲ್ಲಿ ಆಗಲೂ ಇತ್ತು. ಅದಕ್ಕೆ ಆ ಹೆಸರಿರಲಿಲ್ಲ, ಅಷ್ಟೆ. ಆಯುಧಪೂಜೆಯ ದಿನ ಇಕ್ಕಳ, ಉಳಿ, ಕನ್ನಡಿಗಳನ್ನೆಲ್ಲ ತೊಳೆದು ತಟ್ಟೆಯಲ್ಲಿಟ್ಟು ವಿಭೂತಿ, ಕುಂಕುಮ ಹಚ್ಚಿ, ಕುರ್ಚಿಗೆ ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುತ್ತಿದ್ದೆವು. ಆಮೇಲೆ ನನ್ನ ಹೆಂಡತಿ ಇಬ್ಬರಿಗೂ ಅರಿಶಿನ ಕುಂಕುಮ, ರವಿಕೆ ಕಣ, ಸಿಹಿಯ ಜೊತೆಗೆ ಒಂದೊಂದು ಕವರು ಕೊಡುತ್ತಿದ್ದಳು. ಎರಡು ಕವರೂ ಒಂದೇ ದಪ್ಪ. ಯಾರೂ ಅಲ್ಲೇ ತೆರೆದು ನೋಡುತ್ತಿರಲಿಲ್ಲ. ಅವರು ನಮಸ್ಕಾರ ಮಾಡುತ್ತಿದ್ದರು, ನನ್ನ ಹೆಂಡತಿ "ನೂರು ಕಾಲ ಚೆನ್ನಾಗಿರಿ" ಎನ್ನುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ದಾನಶೂರನ ಮುಖ ಮಾಡುತ್ತಿದ್ದೆ. ಇಷ್ಟು ಸುಲಭವಾಗಿ ನಡೆಯುತ್ತಿದ್ದ ಒಂದು ವ್ಯವಹಾರವನ್ನು ಕೆಡಿಸುವುದಕ್ಕೆ ವಿದ್ಯೆ ಬೇಕು. ನನಗೆ ಅದಿತ್ತು.

ಇಲ್ಲಿ ನನ್ನ ವೃತ್ತಿಯ ಒಂದು ದೋಷವನ್ನು ಓದುಗರ ಗಮನಕ್ಕೆ ತರಬೇಕು. ಜಗತ್ತಿನಲ್ಲಿ ಉತ್ತರ ಬರಲು ಸಾಧ್ಯವಿಲ್ಲದಂತೆ ಮಾಡಿ ಪ್ರಶ್ನೆ ಕೇಳುವವರು ದಂತವೈದ್ಯರು ಮಾತ್ರ. ರೋಗಿಯ ಬಾಯಿಗೆ ಹತ್ತಿ ತುರುಕಿ, ಕನ್ನಡಿ ಇಟ್ಟು, ಎರಡು ಬೆರಳನ್ನೂ ಒಳಗೆ ಹಾಕಿ, "ಮಗಳ ಮದುವೆ ಎಲ್ಲಿಗೆ ಬಂತು?" ಎಂದು ಕೇಳುತ್ತೇವೆ. ಅವರು "ಆ... ಆ..." ಎನ್ನುತ್ತಾರೆ. "ಹೌದೌದು, ಗಂಡು ಸಿಗೋದು ಕಷ್ಟ" ಎಂದು ನಾವೇ ಉತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಬದುಕಿನುದ್ದಕ್ಕೂ ಹೀಗೆ ಮಾಡಿದವನಿಗೆ, ಎದುರಿಗಿರುವವರ ಮೌನವೆಲ್ಲ ಒಪ್ಪಿಗೆಯಂತೆ ಕೇಳಿಸತೊಡಗುತ್ತದೆ. ನನ್ನ ಹೆಂಡತಿ ಊಟದ ಹೊತ್ತಿನಲ್ಲಿ ಹಲವು ಸಲ ಹೇಳಿದ್ದಾಳೆ: "ರೀ, ನನ್ನ ಬಾಯಲ್ಲಿ ಹತ್ತಿ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡೋಕೆ ಬಿಡ್ತೀರಾ?" ಅದಕ್ಕೂ ನಾನೇ "ಬಿಡ್ತೀನಿ, ಬಿಡ್ತೀನಿ" ಎಂದು ಹೇಳಿ ಬೇರೆ ಮಾತು ತೆಗೆದಿದ್ದೇನೆ.

ಕಥೆಗೆ ಬರೋಣ. ಕಳೆದ ವರ್ಷ ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ಹೊಸ ಹಲ್ಲಿನ ಆಸ್ಪತ್ರೆ ಬಂತು. ಪೂರ್ತಿ ಗಾಜಿನದು. ಒಳಗೆ ಕೂತವರು ಮೀನಿನ ತೊಟ್ಟಿಯಲ್ಲಿದ್ದಂತೆ ಕಾಣುತ್ತಾರೆ. ಒಂದು ದಿನ ಮಂಜುಳಾ ಟ್ರೇ ತೊಳೆಯುತ್ತ, "ಸಾರ್, ಆ ಗಾಜಿನ ಆಸ್ಪತ್ರೆಯೋರು ಕೆಲ್ಸಕ್ಕೆ ಬರ್ತೀಯಾ ಅಂತ ಕೇಳುದ್ರು" ಎಂದಳು. "ನೀನೇನಂದೆ?" ಎಂದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ, "ಯೋಚನೆ ಮಾಡ್ತೀನಿ ಅಂದಿರ್ತೀಯ. ಇರಲಿ, ಇರಲಿ" ಎಂದು ಒಳಗೆ ಹೋದೆ. ಆವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಮಂಜುಳಾ ಹೋದರೆ ಇಕ್ಕಳ ಕೊಡುವವರು ಯಾರು? ಅವಳ ಹಿಂದೆ ಪದ್ಮಮ್ಮನೂ ಹೋದರೆ ರೋಗಿಗಳನ್ನು ಹಿಡಿದು ಕೂರಿಸುವವರು ಯಾರು? ಹೇಗಾದರೂ ಮಾಡಿ ಇಬ್ಬರನ್ನೂ ಉಳಿಸಿಕೊಳ್ಳಬೇಕು ಎಂಬುದೊಂದೇ ಚಿಂತೆಯಾಯಿತು. ಆ ಇಬ್ಬರಲ್ಲಿ ಯಾರಿಗೂ ಹೋಗುವ ಮನಸ್ಸಿರಲಿಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಬಹಳ ತಡವಾಗಿ. ಮಂಜುಳಾ ಅಂದು ಹೇಳಬೇಕೆಂದಿದ್ದದ್ದು "ಬರಲ್ಲ ಅಂದ್ಬುಟ್ಟೆ ಸಾರ್" ಎಂಬ ಮಾತನ್ನು.

ಅದೇ ಸಮಯಕ್ಕೆ ನಮ್ಮ ದಂತವೈದ್ಯರ ಸಭೆಯಲ್ಲಿ, ಕ್ಲಿನಿಕ್ಕು ನಡೆಸುವ ಬಗೆ ಎಂಬ ವಿಷಯವಾಗಿ ಟೈ ಕಟ್ಟಿದ ಹುಡುಗನೊಬ್ಬ ಮಾತನಾಡಿದ. ನಾನು ಮುಂದಿನ ಸಾಲಿನಲ್ಲಿದ್ದೆ. ಅವನು ನನ್ನತ್ತಲೇ ಬೆರಳು ಮಾಡಿ, "ಸರ್, ನಿಮ್ಮ ಸ್ಟಾಫು ಇನ್ನೂ ಚೆನ್ನಾಗಿ ಕೆಲಸ ಮಾಡೋದಕ್ಕೆ ನೀವು ಏನು ಕೊಡ್ತಾ ಇದ್ದೀರಿ?" ಎಂದು ಕೇಳಿದ. "ಸಂಬಳ" ಎಂದೆ. ಸಭೆ ನಕ್ಕಿತು. ಅವನು ಮಾತ್ರ ನಗದೆ, ಕಾಯಿಲೆಯವರನ್ನು ನೋಡುವಂತೆ ನನ್ನನ್ನು ನೋಡಿ, ಪ್ರತಿಯೊಂದು ಕೆಲಸಕ್ಕೂ ಅಂಕವಿರಬೇಕು, ಅಂಕಕ್ಕೆ ಬೋನಸ್ಸಿರಬೇಕು, ಎಲ್ಲವೂ ಎಲ್ಲರ ಕಣ್ಣಿಗೆ ಕಾಣುವಂತಿರಬೇಕು ಎಂದು ವಿವರಿಸಿದ. ಆಮೇಲೆ ಊಟ. ಮೈಸೂರಿನಲ್ಲಿ ದಂತವೈದ್ಯರ ಸಭೆಯಲ್ಲಿ ನಡೆಯುವಷ್ಟು ಸಿಹಿ ತಿನ್ನುವಿಕೆ ಬೇರೆಲ್ಲೂ ನಡೆಯುವುದಿಲ್ಲ. ಹೋಳಿಗೆ, ಜಾಮೂನು, ಮೈಸೂರುಪಾಕುಗಳ ಪ್ರಭಾವದಲ್ಲಿ ಯಾವ ಸಿದ್ಧಾಂತವಾದರೂ ಸತ್ಯವೆನಿಸುತ್ತದೆ. ನಾನು ಮನೆಗೆ ಬಂದವನೇ ಕುರ್ಚಿಯಲ್ಲಿ ಕೂತು ಒಂದು ಬೋನಸ್ ಪದ್ಧತಿಯನ್ನು ರಚಿಸಿದೆ.

ಪದ್ಧತಿ ಹೀಗಿತ್ತು. ಒಂದು ಬಿಳಿ ಹಲಗೆ, ಅದರಲ್ಲಿ ಇಬ್ಬರ ಹೆಸರು. ಹೆಸರಿನ ಮುಂದೆ ಅಂಟಿಸಲು ದವಡೆ ಹಲ್ಲಿನ ಆಕಾರದ ಆಯಸ್ಕಾಂತದ ಬಿಲ್ಲೆಗಳು. ಇಂಥವೂ ಸಿಗುತ್ತವೆಯೇ ಎಂದು ಆಶ್ಚರ್ಯಪಡಬೇಡಿ, ಮೊಬೈಲಿನಲ್ಲಿ ಹುಡುಕಿದರೆ ಮನುಷ್ಯನ ಮೂರ್ಖತನಕ್ಕೆ ಬೇಕಾದ ಸಾಮಗ್ರಿಗಳೆಲ್ಲ ಸಿಗುತ್ತವೆ. ಒಳ್ಳೆಯ ಕೆಲಸಕ್ಕೆ ಒಂದು ಬಿಳಿ ಹಲ್ಲು. ಲೋಪಕ್ಕೆ ಒಂದು ಕರಿ ಹಲ್ಲು, ಅಂದರೆ ಹುಳುಕು ಹಲ್ಲು. ಹೊತ್ತಿಗೆ ಸರಿಯಾಗಿ ಬಂದರೆ ಬಿಳಿ, ತಡವಾದರೆ ಕರಿ. ಹಳೆಯ ರೋಗಿಗಳಿಗೆ ಫೋನು ಮಾಡಿ ಕ್ಲೀನಿಂಗಿಗೆ ಕರೆದರೆ ಬಿಳಿ. ರೋಗಿಯನ್ನು ಬೆಂಚಿನಿಂದ ಕುರ್ಚಿಗೆ ಕಳಿಸುವುದು ನಿಧಾನವಾದರೆ ಕರಿ. ಆಯುಧಪೂಜೆಯ ದಿನ ಬಿಳಿ ಹಲ್ಲಿನಲ್ಲಿ ಕರಿ ಹಲ್ಲು ಕಳೆದು, ಉಳಿದದ್ದಕ್ಕೆ ತಕ್ಕಂತೆ ಕವರು. ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಹೂ ಕಟ್ಟುತ್ತಿದ್ದಳು. "ಎರಡು ಕವರೂ ಒಂದೇ ಥರ ಇರಲ್ವಾ ಹಾಗಾದ್ರೆ?" ಎಂದಳು. "ಅದೇ ತಾನೇ ವಿಜ್ಞಾನ!" ಎಂದೆ. "ವಿಜ್ಞಾನಾನ ನೀವೇ ಕೈಯಾರೆ ಕೊಟ್ಕೊಳ್ಳಿ. ನಾನು ಕುಂಕುಮ ಮಾತ್ರ ಕೊಡ್ತೀನಿ" ಎಂದು ದಾರ ಕಚ್ಚಿದಳು. ಹಲ್ಲಿನಿಂದ ದಾರ ಕಚ್ಚಬಾರದೆಂದು ಬುದ್ಧಿ ಹೇಳಿ ಆ ಚರ್ಚೆಯನ್ನು ಗೆದ್ದೆ.

ಶ್ರಾವಣದ ಮೊದಲ ಸೋಮವಾರ ಹಿಂದಿನ ಕೋಣೆಯಲ್ಲಿ ಹಲಗೆ ನೇತುಹಾಕಿ ಇಬ್ಬರನ್ನೂ ಕರೆದು ಭಾಷಣ ಮಾಡಿದೆ. ಇಬ್ಬರೂ ಹಲಗೆಯನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. "ಏನಾದ್ರೂ ಕೇಳೋದಿದೆಯಾ?" ಎಂದೆ. ಪದ್ಮಮ್ಮ ಉಸಿರೆಳೆದುಕೊಂಡರು. "ಏನಿಲ್ಲ ಅಲ್ವಾ? ತುಂಬ ಸರಳ" ಎಂದು ಮುಗಿಸಿದೆ.

ಮೊದಲ ತಿಂಗಳು ಪದ್ಧತಿ ಅದ್ಭುತವಾಗಿ ನಡೆಯಿತು. ಎಷ್ಟು ಅದ್ಭುತವೆಂದರೆ, ತಿಂಗಳ ಕೊನೆಗೆ ಇಬ್ಬರ ಹೆಸರಿನ ಮುಂದೆಯೂ ಬಿಳಿಯೂ ಸಮ, ಕರಿಯೂ ಸಮ. ಇಬ್ಬರು ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಕೆಲಸದ ಹೆಂಗಸರು ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದೆ ದುಡಿದಿದ್ದಾರೆಂದರೆ ನಾನು ಎಂಥ ಸಿಬ್ಬಂದಿಯನ್ನು ತಯಾರು ಮಾಡಿದ್ದೇನೆ ಎಂದು ಬೀಗಿದೆ. ಮುಂದಿನ ವಾರ ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಬರುವಾಗ, ಎಳನೀರು ಗಾಡಿಯ ಪಕ್ಕ ಮಂಜುಳಾ ತನ್ನ ಸ್ಕೂಟಿಯ ಮೇಲೆ ಆರಾಮಾಗಿ ಕೂತಿರುವುದು ಕಂಡಿತು. ಕ್ಲಿನಿಕ್ಕು ತೆರೆಯುವ ಹೊತ್ತು ಆಗಲೇ ಮೀರಿತ್ತು. "ಏನಮ್ಮ, ಗಾಡಿ ಕೆಟ್ಟೋಯ್ತಾ?" ಎಂದೆ. ಸ್ಕೂಟರಿನ ಮೇಲಿದ್ದಾಗ ಬಾಯಿಗೆ ಗಾಳಿ ನುಗ್ಗುವುದರಿಂದಲೋ ಏನೋ, ಆವತ್ತು ಉತ್ತರ ಹೇಳಲು ಅವಳಿಗೆ ಅವಕಾಶ ಸಿಕ್ಕಿತು. "ಇಲ್ಲ ಸಾರ್, ಪದ್ಮಕ್ಕನ ಬಸ್ಸು ಇನ್ನೂ ಬಂದಿಲ್ಲ."

"ಅದಕ್ಕೆ ನೀನ್ಯಾಕೆ ಇಲ್ಲಿ ಕೂತಿದ್ದೀಯ?"

"ಅವ್ರಿಗೆ ಕರಿ ಹಲ್ಲು ಬೀಳುತ್ತಲ್ಲ ಸಾರ್. ನಂಗೂ ಒಂದು ಬಿದ್ರೆ ಸಮ ಆಯ್ತದೆ" ಎಂದಳು, ನಾಲ್ಕೂ ನಾಲ್ಕೂ ಎಂಟು ಎನ್ನುವಷ್ಟು ಸಲೀಸಾಗಿ.

ಆಮೇಲೆ ವಿಚಾರಿಸಿದರೆ ಎಲ್ಲವೂ ಹೊರಬಂತು. ಪದ್ಮಮ್ಮನಿಗೆ ಫೋನಿನಲ್ಲಿ ಜಾಸ್ತಿ ಬಿಳಿ ಹಲ್ಲು ಬಂದ ದಿನ ಅವರು ಕೊನೆಯ ಕೆಲವು ಫೋನುಗಳನ್ನು ಮಂಜುಳಾ ಕೈಲಿ ಮಾಡಿಸುತ್ತಿದ್ದರು. ಮಂಜುಳಾ ಮುಂದೆ ಹೋದಳೆಂದರೆ ಟ್ರೇಯಲ್ಲಿ ಬೇಕೆಂದೇ ಒಂದು ಕನ್ನಡಿ ಕಡಿಮೆ ಇಡುತ್ತಿದ್ದಳು. ಅಂದರೆ ನನ್ನ ವಿಜ್ಞಾನವನ್ನು ಇಬ್ಬರೂ ಸೇರಿ ಊಟದ ಹೊತ್ತಿನಲ್ಲಿ, ಆ ಹಾಸಿದ ಪೇಪರಿನ ಮೇಲೆ, ಸಾರಿನಂತೆ ಸಮನಾಗಿ ಬಡಿಸಿಕೊಳ್ಳುತ್ತಿದ್ದರು. ಇಲ್ಲಿ ಸ್ವಲ್ಪ ಬುದ್ಧಿ ಇರುವ ಯಾವನೇ ಆಗಲಿ ಹಲಗೆಯನ್ನು ಕಳಚಿ, ಇಬ್ಬರಿಗೂ ಕೈ ಮುಗಿದು, ಹಳೆಯ ಎರಡು ಕವರಿಗೇ ಮರಳುತ್ತಿದ್ದ. ನನಗೆ ಬಂದದ್ದು ಕೋಪ. ಒಂದು ಪದ್ಧತಿಯನ್ನು ರಚಿಸಿದವನಿಗೆ ಪದ್ಧತಿಯ ಮೇಲೆ ಇರುವ ಮಮಕಾರ ಹೆತ್ತ ಮಕ್ಕಳ ಮೇಲೂ ಇರುವುದಿಲ್ಲ. ಅದೇ ಸಂಜೆ ಹೊಸ ನಿಯಮ ಸಾರಿದೆ: ಇನ್ನು ಮೇಲೆ ಸಮ ಎಂಬುದಿಲ್ಲ. ಆಯುಧಪೂಜೆಯ ದಿನ ಯಾರು ಮುಂದಿರುತ್ತಾರೋ ಅವರಿಗೆ ದೊಡ್ಡ ಕವರು, ಜೊತೆಗೆ ಗೋಡೆಯ ಮೇಲೆ ಫೋಟೋ. ಇನ್ನೊಬ್ಬರಿಗೆ ಚಿಕ್ಕ ಕವರು. ಗಂಭೀರ ವಾಕ್ಯವನ್ನು ಪ್ರಿಂಟು ಹಾಕಿಸಿದ್ದು ಆಗಲೇ.

ಎರಡು ದಿನ ಕಳೆದು ಪದ್ಮಮ್ಮ ನನ್ನ ಹತ್ತಿರ ಬಂದರು. ಸೆರಗನ್ನು ಎಳೆದುಕೊಂಡು ನಿಂತರು. "ಸಾರ್, ಆ ಹಲಗೆ ವಿಷ್ಯ ಒಂದು ಮಾತು..."

"ಹಿಂದಿನ ಕೋಣೇಲಿ ಯಾರಿಗೂ ಕಾಣಲ್ಲ ಅಂತ ತಾನೇ? ನಾನೂ ಅದನ್ನೇ ಯೋಚಿಸ್ತಿದ್ದೆ ಪದ್ಮಮ್ಮ. ಅಂಥ ಹಲಗೆ ಎಲ್ಲರ ಕಣ್ಣಿಗೂ ಬೀಳಬೇಕು!"

ಮಧ್ಯಾಹ್ನವೇ ಹಲಗೆಯನ್ನು ಮುಂದೆ, ಬೆಂಚುಗಳ ಎದುರಿಗೆ, ಪದ್ಮಮ್ಮನ ಮೇಜಿನ ನೇರ ಮೇಲ್ಗಡೆ ನೇತುಹಾಕಿಸಿದೆ. ಅವರು ಸ್ಟೂಲನ್ನು ಹಿಡಿದುಕೊಂಡಿದ್ದರು, ನಾನು ಬೀಳದಿರಲೆಂದು.

ಆ ಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ. ಮೊದಲು ಫೋನು ಕೆಟ್ಟಿತು. ಯಂತ್ರವಲ್ಲ, ಅದನ್ನು ತೆಗೆಯುವ ಪದ್ಧತಿ. ಮಂಜುಳಾ ಪಕ್ಕದಲ್ಲೇ ಅದು ಹೊಡೆದುಕೊಳ್ಳುತ್ತಿದ್ದರೂ ಅದು ಪದ್ಮಕ್ಕನ ಹಲ್ಲು ಎಂದು ಅವಳು ಮುಟ್ಟಳು. ಒಮ್ಮೆ ನಾನು, "ಪದ್ಮಮ್ಮ, ಆ ಟ್ರೇ ಸ್ವಲ್ಪ ಇತ್ತ ಕೊಡಿ" ಎಂದರೆ, ಅವರು ನಗದೆ, "ಅದು ಮಂಜುಳನ ಹಲ್ಲು ಸಾರ್. ನಾನ್ಯಾಕೆ ಕೀಳ್ಲಿ?" ಎಂದರು. ಊಟದ ಪೇಪರು ಎರಡಾಯಿತು. ಕೆಲಸ ನಿಧಾನವಾಗಿ ಕರಿ ಹಲ್ಲು ಬೀಳಬಾರದೆಂದು ಒಬ್ಬರಾದ ಮೇಲೆ ಒಬ್ಬರು ಊಟಕ್ಕೆ ಹೋಗತೊಡಗಿದರು. ಹಿಂದಿನ ಕೋಣೆಯಿಂದ ಬರುತ್ತಿದ್ದ ನಗು ನಿಂತಿತು. ಅಷ್ಟು ವರ್ಷ ಆ ನಗುವಿನಿಂದ ನನ್ನ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಗೊಣಗಿದ್ದವನಿಗೆ ಈಗ ಸದ್ದಿಲ್ಲದೆ ನಿದ್ದೆ ಬರಲೊಲ್ಲದು.

ಕ್ಲೀನಿಂಗಿಗೆ ಕರೆಯುವ ಫೋನುಗಳಂತೂ ಊರಿಗೇ ಉಪದ್ರವವಾದವು. ಕರೆಯಬಹುದಾದವರನ್ನೆಲ್ಲ ಕರೆದು ಮುಗಿದ ಮೇಲೆ ಇಬ್ಬರೂ ಕರೆಯಬಾರದವರನ್ನು ಕರೆಯತೊಡಗಿದರು. ಒಂದು ಬೆಳಿಗ್ಗೆ ಕೃಷ್ಣಮೂರ್ತಿಪುರಂನಿಂದ ನಮ್ಮ ಹಳೆಯ ಮೇಷ್ಟ್ರೊಬ್ಬರು ಆಟೋದಲ್ಲಿ ಬಂದಿಳಿದರು. ಅವರ ಬಾಯಲ್ಲಿ ಸ್ವಂತದ್ದೆನ್ನುವ ಹಲ್ಲು ಒಂದೂ ಇಲ್ಲ. ಪೂರ್ತಿ ಸೆಟ್ಟು ಕಟ್ಟಿಕೊಟ್ಟವನು ನಾನೇ. ಇಸ್ತ್ರಿ ಮಾಡಿದ ಪಂಚೆ, ಕೋಟು ಹಾಕಿಕೊಂಡು ಬಂದವರೇ ಚೀಲದಿಂದ ಒಂದು ಸ್ಟೀಲು ಡಬ್ಬಿ ತೆಗೆದು ನನ್ನ ಮುಂದಿಟ್ಟು, ಬೊಚ್ಚುಬಾಯಿಯಲ್ಲಿ, "ಕ್ಲೀನಿಂಗಿಗೆ ಬನ್ನಿ ಅಂತ ನಿಮ್ಮ ಶಾಪಿನಿಂದ ಫೋನು ಬಂತಪ್ಪ. ಕರೆದಾಗ ಬರದೇ ಇರೋದು ಚೆನ್ನಾಗಿರಲ್ಲ. ಕುರ್ಚಿ ಮೇಲೆ ನಾನು ಕೂರ್ಬೇಕೋ, ಡಬ್ಬಿ ಕೂರಿಸಿದ್ರೆ ಸಾಕೋ?" ಎಂದರು. ನಾನು ಡಬ್ಬಿಯನ್ನು ತೆಗೆದುಕೊಂಡು ಒಳಗೆ ಹೋಗಿ ಅದರಲ್ಲಿದ್ದ ಸೆಟ್ಟನ್ನು ಸೋಪು ಹಾಕಿ ತೊಳೆದು ತಂದುಕೊಟ್ಟೆ. ಅವರು ಕನ್ನಡಿಯಲ್ಲಿ ನೋಡಿಕೊಂಡು, "ಮನೇಲಿ ನಾನೂ ಹೀಗೇ ತೊಳೀತೀನಿ" ಎಂದು ಆಟೋ ಹತ್ತಿದರು. ಆ ಫೋನಿಗೆ ಬಿಳಿ ಹಲ್ಲು ಕೊಡಬೇಕೋ ಕರಿ ಹಲ್ಲು ಕೊಡಬೇಕೋ ಎಂಬ ಬಗ್ಗೆ ನಿಯಮದಲ್ಲಿ ಏನೂ ಹೇಳಿರಲಿಲ್ಲ.

ಪೈಲ್ವಾನರು ಬಂದ ದಿನ ಇನ್ನೂ ಚೆನ್ನಾಗಿತ್ತು. ಬೆಂಚಿನ ತುದಿಯಲ್ಲಿ ಕೂತು ಪದ್ಮಮ್ಮನ ಕಡೆಯೇ ನೋಡುತ್ತಿದ್ದರಂತೆ. ಪಕ್ಕದಲ್ಲಿ ಕೂತು ಮಾತಾಡಿದರೆ ತಡವಾಗಿ, ಎಲ್ಲರೆದುರಿಗೆ ಇನ್ನೊಂದು ಕರಿ ಹಲ್ಲು ಬೀಳುತ್ತದೆಂದು ಪದ್ಮಮ್ಮ, "ಹೆಸರು ಕರೀತಿದ್ದಾರೆ, ಒಳಗೆ ಹೋಗಿ" ಎಂದಷ್ಟೇ ಹೇಳಿದರಂತೆ. ಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿ ಸೂಜಿಗೆ ಮದ್ದು ತುಂಬಿಸಿ ತಿರುಗುವಷ್ಟರಲ್ಲಿ ಕುರ್ಚಿ ಖಾಲಿ. ಕೊರಳಿನ ಬಟ್ಟೆಯ ಸಮೇತ ಅವರು ಎದುರಿನ ಟೀ ಅಂಗಡಿಯಲ್ಲಿ ಬನ್ನು ತಿನ್ನುತ್ತಿದ್ದುದನ್ನು ನಂತರ ನೋಡಿದವರಿದ್ದಾರೆ. ಆ ಹಲ್ಲನ್ನು ಈಗ ಗಾಜಿನ ಆಸ್ಪತ್ರೆಯವರು ಕಿತ್ತಿರಬಹುದು, ಇಲ್ಲವೆ ಅದು ಅವರ ಬಾಯಲ್ಲೇ ಇರಬಹುದು.

ಇವೆಲ್ಲ ನಗುವ ಮಾತಾಯಿತು. ನಗಲಾಗದ್ದು ಒಂದಿದೆ. ಹಲಗೆ ನೋಡಿದ ರೋಗಿಗಳಿಗೆ ಅದು ಬೋನಸ್ಸಿನ ಲೆಕ್ಕವೆಂದು ಹೇಗೆ ಗೊತ್ತಾಗಬೇಕು? ಹಲ್ಲಿನ ಡಾಕ್ಟರ ಗೋಡೆಯ ಮೇಲೆ ಒಂದು ಹೆಸರು, ಅದರ ಮುಂದೆ ಇಷ್ಟು ಬಿಳಿ ಹಲ್ಲು, ಇಷ್ಟು ಹುಳುಕು ಹಲ್ಲು ಎಂದಿದ್ದರೆ ಯಾರಾದರೂ ಏನೆಂದುಕೊಳ್ಳುತ್ತಾರೆ? ಪದ್ಮಮ್ಮನ ಬಸ್ಸು ವಾರದಲ್ಲಿ ಹಲವು ದಿನ ತಡ. ಮಂಜುಳಾ ಈಗ ಎಳನೀರು ಗಾಡಿಯ ಹತ್ತಿರ ಕಾಯುತ್ತಿರಲಿಲ್ಲ. ಆದ್ದರಿಂದ ಪದ್ಮಮ್ಮನ ಹೆಸರಿನ ಮುಂದೆ ಕರಿ ಹಲ್ಲು ಸಾಲುಗಟ್ಟಿ ನಿಂತಿದ್ದವು. ಒಂದು ದಿನ ಅವರದೇ ಬೀದಿಯ ಹೆಂಗಸೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಅಶೋಕಪುರಂನ ಆ ಬೀದಿಯಲ್ಲಿ ಪದ್ಮಮ್ಮನಿಗೆ ಹಲ್ಲು ಡಾಕ್ಟ್ರಮ್ಮ ಎಂದೇ ಹೆಸರು. ಯಾರಿಗೆ ಹಲ್ಲು ನೋವು ಬಂದರೂ ಮೊದಲು ಅವರ ಮನೆಯ ಜಗುಲಿಗೆ ಹೋಗಿ ಬಾಯಿ ತೆರೆದು ತೋರಿಸಿ, ಅವರು ಹೂಂ ಎಂದರೆ ಮಾತ್ರ ನನ್ನ ಹತ್ತಿರ ಬರುವುದು. ಆ ಹೆಂಗಸು ಬೆಂಚಿನಲ್ಲಿ ಕೂತು ಹಲಗೆಯನ್ನು ಮೇಲಿಂದ ಕೆಳಗೆ ನೋಡಿ, ಕ್ಲಿನಿಕ್ಕಿಗೆಲ್ಲ ಕೇಳುವಂತೆ, "ಏನಮ್ಮಿ ಪದ್ಮ, ಊರೋರ ಬಾಯೆಲ್ಲ ನೋಡ್ತೀಯ, ನಿಂದೇ ಇಷ್ಟೊಂದು ಉಳುಕಾ? ಎಂಗೆ ಉಣ್ತೀಯೆ?" ಎಂದರು.

ನಾನು ಒಳಗೆ ಕೈ ತೊಳೆಯುತ್ತಿದ್ದೆ. ಪದ್ಮಮ್ಮ ಏನು ಹೇಳುತ್ತಾರೆಂದು ಕಿವಿಗೊಟ್ಟೆ. ಅದು ಹುಳುಕಲ್ಲ, ಡಾಕ್ಟ್ರು ನನ್ನ ತಪ್ಪಿಗೆ ಹಾಕಿರುವ ಗುರುತು ಎಂದು ಹೇಳಬಹುದಿತ್ತು. ಅವರು ನಕ್ಕು, "ಊಂ ಕಣಕ್ಕ. ಸೀ ಜಾಸ್ತಿ ತಿಂದ್ಬುಟ್ಟೆ" ಎಂದರು. ಕೆಲಸದಲ್ಲಿ ಲೋಪ ಎನ್ನಿಸಿಕೊಳ್ಳುವುದಕ್ಕಿಂತ ಬಾಯಿ ಹುಳುಕು ಎನ್ನಿಸಿಕೊಳ್ಳುವುದು ಅವರಿಗೆ ವಾಸಿಯೆನಿಸಿತ್ತು. ಅವರ ಹಲ್ಲುಗಳನ್ನು ನಾನು ನೋಡಿದ್ದೇನೆ. ಆ ವಯಸ್ಸಿನಲ್ಲಿ ಅಂಥ ಹಲ್ಲುಗಳು ನನ್ನ ಬಾಯಲ್ಲೂ ಇಲ್ಲ. ನಾನು ಆಗಲೇ ಹೊರಗೆ ಹೋಗಿ ಹಲಗೆಯನ್ನು ಕಳಚಬೇಕಿತ್ತು. ಆಯುಧಪೂಜೆಗೆ ಇನ್ನೇನು ಕೆಲವೇ ದಿನ ಉಳಿದಿದೆ, ಶುರು ಮಾಡಿದ್ದನ್ನು ಮುಗಿಸಿಬಿಡೋಣ, ಆಮೇಲೆ ನೋಡಿದರಾಯಿತು ಎಂದು ಕೈಯನ್ನು ಇನ್ನೊಮ್ಮೆ ತೊಳೆದುಕೊಂಡೆ.

ಆಯುಧಪೂಜೆ ಬಂತು. ಇಕ್ಕಳಗಳಿಗೆ ವಿಭೂತಿ ಇಟ್ಟೆವು, ಕುರ್ಚಿಗೆ ಚೆಂಡುಹೂ ಏರಿಸಿದೆವು, ಬೂದುಗುಂಬಳ ಒಡೆದೆವು. ನನ್ನ ಹೆಂಡತಿ ಹೇಳಿದ ಮಾತಿನಂತೆ ಕುಂಕುಮ ಕೊಟ್ಟು ಕೈಕಟ್ಟಿ ನಿಂತಳು. ಕವರುಗಳನ್ನು ನಾನೇ ಕೊಟ್ಟೆ. ಒಂದು ದಪ್ಪ, ಒಂದು ತೆಳು. ಕೊಡುವಾಗ ಎರಡೂ ಕೈಗೆ ಬೇರೆ ಬೇರೆ ತೂಕ ಗೊತ್ತಾಗುತ್ತಿತ್ತು. ಗೆದ್ದವಳು ಮಂಜುಳಾ. ಫೋಟೋ ತೆಗೆಯಲು ಮೊಬೈಲು ಹಿಡಿದರೆ ಅವಳು ತಲೆ ಎತ್ತಲಿಲ್ಲ. "ನಗಮ್ಮ, ಗೋಡೆಗೆ ಹಾಕೋ ಫೋಟೋ" ಎಂದೆ. ಆ ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ. ಅದರಲ್ಲಿ ಅವಳ ಬೈತಲೆ ಬಹಳ ಸ್ಪಷ್ಟವಾಗಿ ಬಂದಿದೆ.

ಎಲ್ಲ ಮುಗಿದು ಮಂಜುಳಾ ಹೊರಟ ಮೇಲೆ ಪದ್ಮಮ್ಮ ತಟ್ಟೆಗಳನ್ನು ತೊಳೆದಿಟ್ಟು, ಮೇಜಿನ ಬೀಗದ ಕೈಯನ್ನು ನನ್ನ ಮುಂದೆ ಇಟ್ಟರು. "ಸಾರ್, ಹಬ್ಬ ಮುಗ್ದ ಮೇಲೆ ನಾನು ಬರಕಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳಿ."

"ಯಾಕೆ ಪದ್ಮಮ್ಮ?" ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ! ಅವರು ನನ್ನ ಮುಖ ನೋಡಿದರು, ಉಸಿರೆಳೆದುಕೊಂಡರು. ಅಷ್ಟು ದೀರ್ಘವಾದ ಮೌನವನ್ನು ತಡೆದುಕೊಳ್ಳುವ ಶಕ್ತಿ ನನ್ನ ವೃತ್ತಿಯವರಿಗಿಲ್ಲ. "ಬಸ್ಸಿನ ತೊಂದರೆ, ಅಲ್ವಾ?" ಎಂದುಬಿಟ್ಟೆ.

ಪದ್ಮಮ್ಮ ಎಳೆದುಕೊಂಡಿದ್ದ ಉಸಿರನ್ನು ಬಿಟ್ಟರು. "ಊಂ ಸಾರ್. ಬಸ್ಸಿನ ತೊಂದ್ರೆ" ಎಂದರು. ನನ್ನ ಹೆಂಡತಿಗೆ, "ಬರ್ತೀನಿ ಕಣಮ್ಮ, ನೀವೊಂದಿನ ಮನೆ ಕಡೆ ಬನ್ನಿ" ಎಂದು ಹೇಳಿ ಹೋದರು. ನನ್ನ ಹೆಂಡತಿ ಮನೆಗೆ ಹೋಗುವವರೆಗೂ ಮಾತಾಡಲಿಲ್ಲ. ಆಮೇಲೆ ಮಾತಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ; ಅವಳ ಮಾತಿಗೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ್ದು ನನ್ನ ಸಂಸಾರದಲ್ಲಿ ಅದೇ ಮೊದಲು ಎಂದಷ್ಟೇ ಹೇಳಬಲ್ಲೆ.

ಮಂಜುಳಾ ಆಮೇಲೆ ಒಂದು ದಿನ, ಇಕ್ಕಳ ಒರೆಸುತ್ತ, ತಾನಾಗಿಯೇ ಹೇಳಿದಳು. ಹೊಸ ನಿಯಮ ಬಂದ ದಿನವೇ ಪದ್ಮಮ್ಮ ಅವಳಿಗೆ, "ನನ್ನ ಬಸ್ಸಿಗೆ ಕಾಯಬ್ಯಾಡ ಕಣೇ, ನಿಂಗೆ ಮಗುವಿನ ಸ್ಕೂಲು ಅದೆ. ದೊಡ್ಡ ಕವರು ನೀನೇ ತಗೋ" ಎಂದಿದ್ದರಂತೆ. ಅವಳು ಮನಸ್ಸಿಲ್ಲದೆ ಒಪ್ಪಿಕೊಂಡಳಂತೆ. ಒಪ್ಪಿಕೊಂಡ ಮೇಲೆ ಎದುರಿಗೆ ಕೂತು ಉಣ್ಣಲು ನಾಚಿಕೆಯಾಯಿತಂತೆ. "ಜಗಳ ಆಡಿದ್ರೆ ಸರಿಹೋಗ್ತಿತ್ತು ಸಾರ್. ನಾವು ಜಗಳಾನೇ ಆಡ್ಲಿಲ್ಲ" ಎಂದಳು. ನಾನು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡೆ. ಈ ಅಭ್ಯಾಸವನ್ನು ಈಗ ಹೊಸದಾಗಿ ಕಲಿಯುತ್ತಿದ್ದೇನೆ. ಅವಳು ಮುಂದುವರಿಸಿ, ದೊಡ್ಡ ಕವರಿನಲ್ಲಿ ಅರ್ಧ ಕೊಡಲು ಅಶೋಕಪುರಂಗೆ ಹೋಗಿದ್ದಾಗಿಯೂ, ಪದ್ಮಮ್ಮ ಕವರನ್ನು ಮುಟ್ಟದೆ ಊಟಕ್ಕೆ ಎಬ್ಬಿಸಿ ಬಡಿಸಿದ್ದಾಗಿಯೂ ಹೇಳಿದಳು.

ಹಲಗೆಯನ್ನು ಗುಜರಿಯವನು ತೆಗೆದುಕೊಂಡ. ಬಿಳಿ ಹಲ್ಲುಗಳು ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಗ್ಯಾಸಿನ ಚೀಟಿ, ಹಾಲಿನ ಚೀಟಿಗಳನ್ನು ಹಿಡಿದುಕೊಂಡಿವೆ. ಕರಿ ಹಲ್ಲುಗಳನ್ನು ಎಲ್ಲಿ ಹಾಕಿದಳೆಂದು ಹೆಂಡತಿಯನ್ನು ಕೇಳುವ ಧೈರ್ಯ ನನಗಿಲ್ಲ. ಮುಂದಿನ ಮೇಜಿನಲ್ಲಿ ಹೊಸ ಹುಡುಗಿಯೊಬ್ಬಳಿದ್ದಾಳೆ. ಒಳ್ಳೆಯವಳು, ಹೊತ್ತಿಗೆ ಸರಿಯಾಗಿ ಬರುತ್ತಾಳೆ, ರೋಗಿಗಳ ಊರು ಕೇಳುವುದಿಲ್ಲ. ಮಧ್ಯಾಹ್ನವಾದರೆ ಮಂಜುಳಾ ಡಬ್ಬಿ ಹಿಡಿದುಕೊಂಡು ಎಲ್ಲಿಗೋ ಹೋಗಿ ಊಟ ಮುಗಿಸಿ ಬರುತ್ತಾಳೆ. ಎಲ್ಲಿಗೆ ಎಂದು ಮೊನ್ನೆ ಕೇಳಿದೆ, ಕೇಳಿ ಸುಮ್ಮನೆ ಕಾದೆ. ಹೇಳಿದಳು.

ಪದ್ಮಮ್ಮ ಈಗ ನಮ್ಮಿಂದ ಎರಡು ರಸ್ತೆ ಆಚೆ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಿದ್ದಾರೆ. ಅದೇ ಬಸ್ಸಿನಲ್ಲಿ ಬರುತ್ತಾರೆ.